ವಸಾಹತು ವಿಮೋಚನೆಯ ಲಕ್ಷಣವೂ ಐರೋಪ್ಯ ನಾಡುಗಳೂ

ವಸಾಹತು ವಿಮೋಚನೆ ಎಂಬ ಮಾತು ಕಿವಿಗೆ ಬಿದ್ದೊಡನೆ ಏಷ್ಯಾ ಆಫ್ರಿಕಾ ಖಂಡಗಳ ನಾಡುಗಳು ನೆನಪಿಗೆ ಬರುವುದು ಸಹಜವೇ ಆಗಿದೆ. 1947ರಲ್ಲಿ ಭಾರತ, 1957ರಲ್ಲಿ ಘಾನಾ, 1962ರಲ್ಲಿ ಆಲ್ಜೀರಿಯ, ಹೀಗೆ ಒಂದರ ಹಿಂದೊಂದು ನಾಡು ಐರೋಪ್ಯರ ಆಳಿಕೆಯಿಂದ ಬಿಡುಗಡೆ ಹೊಂದಿದ ವೃತ್ತಾಂತವೇ ಆ ಮಾತಿನ ಅರ್ಥವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಯೂರೋಪು ಆಳಿತು, ಉಳಿದ ಖಂಡಗಳು ಆಳಿಸಿಕೊಂಡವು ಎಂಬುದು ಪಾಠಪುಸ್ತಕಗಳ ಕ್ರಮ. ಆದರೆ ಅದೇ ಇಪ್ಪತ್ತನೆಯ ಶತಮಾನದಲ್ಲಿ ಯೂರೋಪಿನೊಳಗೇ ಅನೇಕ ನಾಡುಗಳು ಸ್ವತಂತ್ರವಾದುವು. 1905ರಲ್ಲಿ ನಾರ್ವೆ, 1922ರಲ್ಲಿ ಐರ್ಲೆಂಡು, 1964ರಲ್ಲಿ ಮಾಲ್ಟಾ, 1991ರಲ್ಲಿ ಬಾಲ್ಟಿಕ್ ಸಮುದ್ರತೀರದ ಮೂರು ರಾಜ್ಯಗಳು. ಭೂಗೋಳಜ್ಞರು ಏಷ್ಯಾಕ್ಕೆ ಸೇರಿಸಿದರೂ ಇಂದು ಐರೋಪ್ಯ ಒಕ್ಕೂಟದ ಸದಸ್ಯನಾಗಿರುವ ಸೈಪ್ರಸ್ ದ್ವೀಪ 1960ರಲ್ಲಿ. ಇವುಗಳ ಸ್ವಾತಂತ್ರ್ಯವನ್ನು ಭಾರತ ಘಾನಾಗಳ ಪಂಕ್ತಿಯಲ್ಲಿ ಇರಿಸಬಹುದೇ, ಇಲ್ಲವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇದು ಕೇವಲ ಹೆಸರಿನ ಜಗಳವೆಂದು ಕೆಲವರು ತಳ್ಳಿಹಾಕಬಹುದು. ಆದರೆ ಹೆಸರಿನಿಂದಲೇ ಪರಿಹಾರವೂ ನಿರ್ಣಯವಾಗುತ್ತದೆ. ರೋಗದ ನಿದಾನ ತಪ್ಪಿದರೆ ಚಿಕಿತ್ಸೆಯೂ ತಪ್ಪುವುದಷ್ಟೆ. ಎರಡು ರಾಜ್ಯಗಳ ಕೂಟವು ಬೇರ್ಪಟ್ಟಿತೆಂದರೆ ಲೆಕ್ಕಪತ್ರ ಮುಗಿಸಿ, ಗಡಿಯ ಕಲ್ಲು ನೆಟ್ಟು, ಕೈಕುಲುಕಿ ಹೋಗುವುದಷ್ಟೇ ಉಳಿಯುವುದು. ವಸಾಹತೊಂದು ವಿಮುಕ್ತವಾಯಿತೆಂದರೆ ಕಿತ್ತುಕೊಂಡ ನೆಲ, ಮೂಲೆಗೊತ್ತಿದ ಭಾಷೆ, ಒಡೆದ ಸಮಾಜ ಇವುಗಳ ಪ್ರಶ್ನೆ ಧ್ವಜಾರೋಹಣದ ಮಾರನೆಯ ದಿನವೂ ಉಳಿದಿರುತ್ತದೆ. ಆದುದರಿಂದ ಲಕ್ಷಣವನ್ನು ಸರಿಯಾಗಿ ಹೇಳುವುದು ಅವಶ್ಯ.

ಲಕ್ಷಣ ಹೇಳುವಾಗ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ಪರಿಹರಿಸಬೇಕೆಂದು ತರ್ಕಶಾಸ್ತ್ರ ವಿಧಿಸುತ್ತದೆ. ಹಸುವೆಂದರೆ ಕಪಿಲವರ್ಣದ ಪ್ರಾಣಿ ಎಂದರೆ ಬಿಳಿಯ ಹಸು ಹೊರಗುಳಿಯಿತು, ಇದು ಅವ್ಯಾಪ್ತಿ. ಕೊಂಬುಳ್ಳ ಪ್ರಾಣಿ ಎಂದರೆ ಎಮ್ಮೆಯೂ ಒಳಗೆ ಬಂದಿತು, ಇದು ಅತಿವ್ಯಾಪ್ತಿ. ಒಂದೇ ಗೊರಸಿನ ಪ್ರಾಣಿ ಎಂದರೆ ಯಾವ ಹಸುವಿಗೂ ಹೊಂದದು, ಇದು ಅಸಂಭವ. ಪ್ರಕೃತ ವಿಷಯದಲ್ಲಿ ಮೊದಲಿನ ಎರಡು ದೋಷಗಳೇ ಹೆಚ್ಚಾಗಿ ಕಾಣುತ್ತವೆ. ಸಮುದ್ರದಾಚೆಯ, ಬೇರೆ ಮೈಬಣ್ಣದ ಜನರ ಬಿಡುಗಡೆಯೇ ವಸಾಹತು ವಿಮೋಚನೆ ಎನ್ನುವವರ ಲಕ್ಷಣ ಕಪಿಲವರ್ಣದ ಹಸುವಿನಂತೆ. ಯಾವ ನಾಡು ಯಾರಿಂದ ಬೇರ್ಪಟ್ಟರೂ ಅದು ವಸಾಹತು ವಿಮೋಚನೆಯೇ ಎನ್ನುವವರ ಲಕ್ಷಣ ಕೊಂಬುಳ್ಳ ಪ್ರಾಣಿಯಂತೆ.

ಮೊದಲನೆಯ ಅಭಿಪ್ರಾಯಕ್ಕೆ ವಿಶ್ವಸಂಸ್ಥೆಯ ನಡವಳಿಕೆಯಿಂದಲೇ ಬಲ ಬಂದಿತೆನ್ನಬೇಕು. 1960ನೆಯ ಡಿಸೆಂಬರ್ 14ರಂದು ಅದರ ಮಹಾಸಭೆ ವಸಾಹತು ನಾಡುಗಳ ಸ್ವಾತಂತ್ರ್ಯದ ಘೋಷಣೆಯನ್ನು ಅಂಗೀಕರಿಸಿತು. 89 ರಾಜ್ಯಗಳು ಪರವಾಗಿ ಮತವಿತ್ತುವು. 9 ರಾಜ್ಯಗಳು ತಟಸ್ಥವಾಗಿದ್ದುವು. ವಿರೋಧಿಸಿದವರು ಯಾರೂ ಇಲ್ಲ. ಮರುದಿನದ ಇನ್ನೊಂದು ನಿರ್ಣಯದಲ್ಲಿ, ಆಳುವ ದೇಶದಿಂದ ಭೌಗೋಳಿಕವಾಗಿ ಬೇರೆಯಾಗಿದ್ದು, ಜನಾಂಗದಲ್ಲಾಗಲಿ ಸಂಸ್ಕೃತಿಯಲ್ಲಾಗಲಿ ಭಿನ್ನವಾದ ಪ್ರದೇಶವೇ ಪರಾಧೀನ ಪ್ರದೇಶವೆಂಬ ಸೂತ್ರ ಸೇರಿತು. ಭೌಗೋಳಿಕವಾಗಿ ಬೇರೆ ಎಂಬುದಕ್ಕೆ ನಡುವೆ ಉಪ್ಪುನೀರಿರಬೇಕು ಎಂಬ ಅರ್ಥವೇ ಬಳಕೆಗೆ ಬಂದಿತು. ನೆಲದ ಮೇಲೆ ಒತ್ತೊತ್ತಾಗಿ ಹಬ್ಬಿದ ಸಾಮ್ರಾಜ್ಯಗಳು ಹೀಗೆ ವಿಚಾರಣೆಯಿಂದ ತಪ್ಪಿಸಿಕೊಂಡುವು.

ಸೋಜಿಗದ ಸಂಗತಿಯೆಂದರೆ, ಅಂತಹ ಘೋಷಣೆಯನ್ನು ಆ ಅಧಿವೇಶನದ ಮುಂದೆ ಮೊದಲು ಸೂಚಿಸಿದವನು ಸೋವಿಯತ್ ನಾಯಕನಾದ ಕ್ರುಶ್ಚೇವನು. ಪೂರ್ವ ಯೂರೋಪಿನ ಜನರ ಸ್ವಾತಂತ್ರ್ಯಕ್ಕೂ ಈ ಮಾತು ಅನ್ವಯಿಸಬೇಡವೇ ಎಂದು ಫಿಲಿಪ್ಪೀನ್ಸಿನ ಪ್ರತಿನಿಧಿ ಸುಮುಲಾಂಗ್ ಅಕ್ಟೋಬರ್ 12ರಂದು ಪ್ರಸ್ತಾಪಿಸಿದಾಗ ಅದೇ ಕ್ರುಶ್ಚೇವನು ಕೋಪದಿಂದ ಸಭೆಯಲ್ಲಿ ಗದ್ದಲವೆಬ್ಬಿಸಿದನು. ಮೊದಲು ಸ್ಪೇನಿನವರಿಗೂ ಅನಂತರ ಅಮೆರಿಕನರಿಗೂ ಅಧೀನವಾಗಿದ್ದ ಏಷ್ಯಾದ ನಾಡೊಂದರಿಂದಲೇ ಆ ಪ್ರಶ್ನೆ ಹೊರಟಿತೆಂಬುದು ಗಮನಾರ್ಹ. ಅಧಿವೇಶನದ ಅಧ್ಯಕ್ಷಪೀಠದಲ್ಲಿದ್ದವರು ಐರ್ಲೆಂಡಿನ ಫ್ರೆಡರಿಕ್ ಬೋಲಂಡ್. ಅವರ ನಾಡೂ ಆ ಸೂತ್ರದ ಲೆಕ್ಕಕ್ಕೆ ಬಂದಿರಲಿಲ್ಲ.

ಎರಡನೆಯ ಅಭಿಪ್ರಾಯದ ದೋಷಕ್ಕೆ ನಾರ್ವೆಯೇ ನಿದರ್ಶನ. 1814ರಲ್ಲಿ ಡೆನ್ಮಾರ್ಕಿನ ದೊರೆ ಆ ನಾಡನ್ನು ಸ್ವೀಡನ್ನಿನ ದೊರೆಗೆ ಬಿಟ್ಟುಕೊಟ್ಟನು. ನಾರ್ವೆಯ ಜನ ಸುಮ್ಮನಿರದೆ ಅದೇ ವರ್ಷದ ಮೇ 17ರಂದು ತಮ್ಮದೇ ರಾಜ್ಯಾಂಗವನ್ನು ರಚಿಸಿಕೊಂಡರು. ಅನಂತರ ಸ್ವೀಡನ್ನಿನ ದೊರೆಯನ್ನು ಒಪ್ಪಿಕೊಳ್ಳಬೇಕಾಗಿ ಬಂದರೂ ಆ ರಾಜ್ಯಾಂಗ, ಶಾಸನಸಭೆ, ಬೊಕ್ಕಸ ಎಲ್ಲವೂ ಅವರ ಕೈಯಲ್ಲಿಯೇ ಉಳಿದುವು. ಸ್ವೀಡನ್ನಿನ ಒಕ್ಕಲಿಗರು ಬಂದು ಅವರ ಹೊಲಗಳನ್ನು ಕಿತ್ತುಕೊಳ್ಳಲಿಲ್ಲ. ಕೊನೆಗೆ ವಿರಸಕ್ಕೆ ಕಾರಣವಾದುದು ಪರದೇಶಗಳಲ್ಲಿ ನಾರ್ವೆಗೆ ಪ್ರತ್ಯೇಕ ವಾಣಿಜ್ಯ ಪ್ರತಿನಿಧಿಗಳಿರಬೇಕೆಂಬ ವಿಷಯ. 1905ನೆಯ ಆಗಸ್ಟಿನಲ್ಲಿ ನಡೆದ ಜನಮತಗಣನೆಯಲ್ಲಿ ಬೇರ್ಪಡೆಯ ಪರವಾಗಿ 3,68,208 ಮತಗಳೂ ವಿರೋಧವಾಗಿ 184 ಮತಗಳೂ ಬಿದ್ದುವು. ಯುದ್ಧವಿಲ್ಲದೆ ಕೂಟ ಮುರಿಯಿತು. ಇದು ಗೌರವಾರ್ಹವಾದ ಸ್ವಾತಂತ್ರ್ಯವೇ ಹೌದು. ಆದರೆ ಅವಿಭಕ್ತ ಕುಟುಂಬದ ಸಹೋದರರು ಪಾಲು ಮಾಡಿಕೊಂಡಂತಿರುವ ಇದನ್ನು ಜೀತದಿಂದ ಬಿಡುಗಡೆ ಎನ್ನಲಾಗದು.

ಹಾಗಾದರೆ ನಿರ್ದುಷ್ಟವಾದ ಲಕ್ಷಣವೇನು? ಒಂದು ಜನವನ್ನು ಅವರ ಸಮ್ಮತಿಯಿಲ್ಲದೆ, ಆಳುವವರಿಗೆ ಸಮಾನರೆಂದೆಣಿಸದೆ, ಪರರ ಪ್ರಯೋಜನಕ್ಕಾಗಿ ಆಳುವುದು ವಸಾಹತು ಆಳಿಕೆ. ಅಸಮ್ಮತಿ, ಅಸಮಾನತೆ, ಪರಪ್ರಯೋಜನ ಈ ಮೂರೂ ಕೂಡಿರುವಲ್ಲಿ ಅದು ವಸಾಹತು. ಈ ಮೂರನ್ನೂ ನೀಗುವುದು ವಸಾಹತು ವಿಮೋಚನೆ. ಈ ಲಕ್ಷಣದಲ್ಲಿ ಸಮುದ್ರವೂ ಇಲ್ಲ, ಮೈಬಣ್ಣವೂ ಇಲ್ಲ, ಖಂಡದ ಹೆಸರೂ ಇಲ್ಲ. ಯೂರೋಪಿನಲ್ಲಿ ಇದನ್ನು ಒರೆಗೆ ಹಚ್ಚಿ ನೋಡುವುದಕ್ಕೆ ಐರ್ಲೆಂಡಿನಷ್ಟು ಯೋಗ್ಯವಾದ ನಾಡು ಇನ್ನೊಂದಿಲ್ಲ.

1607ರಲ್ಲಿ ಐರ್ಲೆಂಡಿನ ಉತ್ತರ ಭಾಗವಾದ ಅಲ್‌ಸ್ಟರಿನ ನಾಯಕರು ದೇಶಬಿಟ್ಟು ಹೋಗಲು, ಅವರ ನೆಲವನ್ನು ಮುಟ್ಟುಗೋಲು ಹಾಕಿಕೊಂಡು 1609ರಿಂದ ಇಂಗ್ಲೆಂಡು ಸ್ಕಾಟ್ಲೆಂಡುಗಳ ಪ್ರಾಟೆಸ್ಟಂಟ್ ಒಕ್ಕಲುಗಳನ್ನು ತಂದು ನೆಲೆಗೊಳಿಸಲಾಯಿತು. ಡೆರಿ ಎಂಬ ಊರು ಲಂಡನ್ ನಗರದ ವರ್ತಕಸಂಘಗಳ ವಶವಾಗಿ ಲಂಡನ್‌ಡೆರಿ ಎಂಬ ಹೆಸರು ಪಡೆಯಿತು. 1649ರಲ್ಲಿ ಕ್ರಾಮ್‌ವೆಲ್ಲನ ದಂಡಯಾತ್ರೆಯ ತರುವಾಯ ಮತ್ತಷ್ಟು ನೆಲ ಕೈ ಬದಲಾಯಿಸಿತು. 1641ರಲ್ಲಿ ಜಮೀನಿನ ಸುಮಾರು ನೂರಕ್ಕೆ 59 ಪಾಲು ಕ್ಯಾಥೊಲಿಕರದಾಗಿದ್ದುದು 1703ರ ವೇಳೆಗೆ ಸುಮಾರು 14 ಪಾಲಿಗೆ ಇಳಿಯಿತು. ಜನಸಂಖ್ಯೆಯಲ್ಲಾದರೋ ಅವರು ಮುಕ್ಕಾಲು ಪಾಲು ಇದ್ದರು. 1695ರಿಂದ ಹೊರಟ ಶಾಸನಗಳ ಪ್ರಕಾರ ಕ್ಯಾಥೊಲಿಕನು ಶಾಲೆ ನಡೆಸುವಂತಿಲ್ಲ. ಐದು ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆ ಇಟ್ಟುಕೊಳ್ಳುವಂತಿಲ್ಲ. ಅವನ ಆಸ್ತಿ ಎಲ್ಲ ಗಂಡುಮಕ್ಕಳಿಗೂ ಹಂಚಿ ಚೂರಾಗಬೇಕು. ಹಿರಿಯ ಮಗನು ಮತಾಂತರ ಹೊಂದಿದರೆ ಮಾತ್ರ ಎಲ್ಲವೂ ಅವನಿಗೆ. 1699ರಲ್ಲಿ ಐರ್ಲೆಂಡಿನ ಉಣ್ಣೆಯ ಬಟ್ಟೆಯನ್ನು ಇಂಗ್ಲೆಂಡಿಗಲ್ಲದೆ ಹೊರದೇಶಗಳಿಗೆ ಕಳುಹಿಸಕೂಡದೆಂದು ಲಂಡನ್ನಿನ ಪಾರ್ಲಿಮೆಂಟು ವಿಧಿಸಿತು. ಇಂಗ್ಲೆಂಡಿನೊಳಗಾದರೋ ಅದನ್ನು ತಡೆಯುವಷ್ಟು ಸುಂಕ ಮೊದಲೇ ಇದ್ದಿತು. ಇಂಡಿಯದ ನೇಯ್ಗೆಯವರ ಗತಿಯನ್ನು ಓದಿದವರಿಗೆ ಇದರ ಮರ್ಮ ತಿಳಿಯದೆ ಇರದು.

ಇಲ್ಲಿ ಕನ್ನಡ ನಾಡಿಗೆ ಸುಪರಿಚಿತನಾದ ಒಬ್ಬ ಅಧಿಕಾರಿಯ ಚರಿತ್ರೆ ಉಲ್ಲೇಖಾರ್ಹವಾಗಿದೆ. 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದ ಕೌಲಿನಿಂದ ಟಿಪ್ಪು ಸುಲ್ತಾನನ ಅರ್ಧ ರಾಜ್ಯವನ್ನೂ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿಯೂ ಪಡೆದ ಲಾರ್ಡ್ ಕಾರ್ನ್‌ವಾಲಿಸನೇ 1798ರಲ್ಲಿ ಐರ್ಲೆಂಡಿಗೆ ರಾಜಪ್ರತಿನಿಧಿಯೂ ದಂಡನಾಯಕನೂ ಆಗಿ ಹೋದನು. ಆ ವರ್ಷದ ಐರಿಷ್ ದಂಗೆಯನ್ನು ಅಡಗಿಸಿದನು. ತರುವಾಯ ಡಬ್ಲಿನ್ನಿನ ಶಾಸನಸಭೆ ತನ್ನನ್ನು ತಾನೇ ರದ್ದುಮಾಡಿಕೊಳ್ಳುವಂತೆ ಒಪ್ಪಿಸುವ ಕಾರ್ಯವೂ ಅವನ ಪಾಲಿಗೆ ಬಂದಿತು. 1799ರಲ್ಲಿ ಒಪ್ಪದಿದ್ದ ಸಭೆ, ಪದವಿಗಳೂ ಹುದ್ದೆಗಳೂ ಪರಿಹಾರಧನವೂ ಹಂಚಿಕೆಯಾದ ಮೇಲೆ 1800ರಲ್ಲಿ ಒಪ್ಪಿತು. ಆ ಸಭೆಯಲ್ಲಿ ಕ್ಯಾಥೊಲಿಕನಾದ ಒಬ್ಬ ಸದಸ್ಯನೂ ಇರಲಿಲ್ಲ. ಇರಲು ಶಾಸನವೇ ಬಿಡುತ್ತಿರಲಿಲ್ಲ. 1801ನೆಯ ಜನವರಿ 1ರಿಂದ ಐರ್ಲೆಂಡು ಬ್ರಿಟನ್ನಿನೊಡನೆ ಒಂದೇ ರಾಜ್ಯವಾಯಿತೆಂದು ಸಾರಲಾಯಿತು. ಮುಕ್ಕಾಲು ಪಾಲು ಜನರ ಮಾತನ್ನೇ ಕೇಳದ ಈ ಒಪ್ಪಿಗೆಗೆ ಸಮ್ಮತಿ ಎಂಬ ಹೆಸರು ಸಲ್ಲದು.

ಇಲ್ಲಿ ಪ್ರಬಲವಾದ ಆಕ್ಷೇಪವೊಂದು ಏಳುತ್ತದೆ. ಐರ್ಲೆಂಡಿನಿಂದ ಸುಮಾರು 100 ಮಂದಿ ಸದಸ್ಯರು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಕುಳಿತಿರುತ್ತಿದ್ದರು. 1829ರ ಅನಂತರ ಕ್ಯಾಥೊಲಿಕರಿಗೂ ಅಲ್ಲಿ ಪ್ರವೇಶ ದೊರೆಯಿತು. ಭಾರತಕ್ಕಾಗಲಿ ಘಾನಾಕ್ಕಾಗಲಿ ಅಂತಹ ಸ್ಥಾನ ಎಂದೂ ಇರಲಿಲ್ಲ. ಹೀಗಿರಲಾಗಿ ಅದನ್ನು ವಸಾಹತೆನ್ನುವುದೆಂತು? ಈ ಆಕ್ಷೇಪಕ್ಕೆ 1845ರಿಂದ ನಡೆದ ಮಹಾಕ್ಷಾಮವೇ ಉತ್ತರ ಹೇಳುತ್ತದೆ.

ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಬಡವರ ಏಕಮಾತ್ರ ಆಹಾರ ಕೊಳೆತುಹೋಯಿತು. 1841ರ ಜನಗಣತಿಯಲ್ಲಿ ಸುಮಾರು 81.75 ಲಕ್ಷವಿದ್ದ ಜನಸಂಖ್ಯೆ 1851ರಲ್ಲಿ 65.5 ಲಕ್ಷಕ್ಕೆ ಇಳಿಯಿತು. ಸತ್ತವರು ಸುಮಾರು 10 ಲಕ್ಷ. ಹಡಗು ಹತ್ತಿದವರು ಅದಕ್ಕೂ ಹೆಚ್ಚು. ಆ ವರ್ಷಗಳಲ್ಲಿಯೂ ದನಕರು, ಧಾನ್ಯ, ಬೆಣ್ಣೆ ಐರ್ಲೆಂಡಿನ ರೇವುಗಳಿಂದ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದುವು. 1847ರ ಬೇಸಗೆಯಲ್ಲಿ ಸರಕಾರ ದಿನಕ್ಕೆ ಸುಮಾರು 30 ಲಕ್ಷ ಮಂದಿಗೆ ಗಂಜಿ ಹಾಕಿಸಿತೆಂಬುದನ್ನು ಮರೆಯಬಾರದು. ಆದರೆ ಅದೇ ವರ್ಷದ ಶರತ್ಕಾಲದೊಳಗೆ ಅದನ್ನು ನಿಲ್ಲಿಸಿ, ಐರ್ಲೆಂಡಿನ ಬಡತನವನ್ನು ಐರ್ಲೆಂಡಿನ ಆಸ್ತಿಯೇ ಹೊರಬೇಕೆಂಬ ತತ್ತ್ವವನ್ನು ಹಿಡಿಯಿತು. 1849ರಲ್ಲಿ ಪಶ್ಚಿಮದ ಹಸಿದ ತಾಲ್ಲೂಕುಗಳಿಗಾಗಿ ವಿಶೇಷ ಕರವೊಂದನ್ನು ವಿಧಿಸಿದಾಗ ಅದನ್ನು ಐರ್ಲೆಂಡಿನ ಉಳಿದ ಭಾಗಗಳ ಮೇಲೆ ಮಾತ್ರ ಹೇರಲಾಯಿತು. ಇಂಗ್ಲೆಂಡಿನ ಯಾವ ಜಿಲ್ಲೆಯೂ ಅದನ್ನು ತೆರಲಿಲ್ಲ. ಇದನ್ನು ಸಹಿಸಲಾರದೆ ಐರ್ಲೆಂಡಿನ ದರಿದ್ರಪೋಷಣೆಯ ಮುಖ್ಯ ಕಮಿಷನರನಾಗಿದ್ದ ಟ್ವಿಸಲ್ಟನ್ ಎಂಬ ಆಂಗ್ಲೇಯನು ರಾಜೀನಾಮೆಯಿತ್ತನು. ಶಾಸನ ಮಾಡುವಾಗ ಒಂದೇ ರಾಜ್ಯ, ಹಸಿವು ಬಂದಾಗ ಬೇರೆ ರಾಜ್ಯ! ಪಾರ್ಲಿಮೆಂಟಿನ 105 ಪೀಠಗಳು ಇದನ್ನು ತಡೆಯಲಾರದೆ ಹೋದುವು. ಏಕೆಂದರೆ ಉಳಿದ ಸುಮಾರು 550 ಪೀಠಗಳು ಬೇರೆಯವರವು.

ಆ ಪರಿಹಾರಕಾರ್ಯದ ಲಗಾಮು ಹಿಡಿದಿದ್ದವನು ಲಂಡನ್ನಿನ ಖಜಾನೆಯ ಚಾರ್ಲ್ಸ್ ಟ್ರೆವಿಲಿಯನ್. ಅವನು ಮೊದಲು ಬಂಗಾಳದಲ್ಲಿ ಕಂಪೆನಿಯ ಸೇವೆಯಲ್ಲಿದ್ದವನು. 1859ರಲ್ಲಿ ಮದರಾಸಿನ ಗವರ್ನರನಾಗಿ ಬಂದು ಬಳ್ಳಾರಿ ಕೆನರಾ ಜಿಲ್ಲೆಗಳನ್ನೂ ಆಳಿದನು. ಕನ್ನಡ ನಾಡಿನಲ್ಲಿ ಧಾತು ಈಶ್ವರ ಸಂವತ್ಸರಗಳ ಬರ ಬಂದಾಗ, ಎಂದರೆ 1876ರಿಂದ 1878ರ ವರೆಗೆ, ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ನೇರವಾದ ಆಡಳಿತದಲ್ಲಿದ್ದಿತು. 1871ರಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಅಲ್ಲಿಯ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಗೆ ಇಳಿಯಿತು. ಆಗಲೂ ಭಾರತದ ರೇವುಗಳಿಂದ ಗೋಧಿ ಇಂಗ್ಲೆಂಡಿಗೆ ಸಾಗುತ್ತಿದ್ದಿತು. ಒಂದು ನಾಡು ಕಾಗದದ ಮೇಲೆ ಸಾಮ್ರಾಜ್ಯದ ಅಂಗ. ಇನ್ನೊಂದು ಸ್ಪಷ್ಟವಾಗಿಯೇ ಪರಾಧೀನ. ಹಸಿದವನ ಮುಂದೆ ಈ ಭೇದ ಎಷ್ಟು ಮಾತ್ರದ್ದು!

ಎರಡನೆಯ ಆಕ್ಷೇಪವೂ ಅಷ್ಟೇ ಬಲವಾದುದು. ಐರ್ಲೆಂಡಿನವರು ಸಾಮ್ರಾಜ್ಯವನ್ನು ಕಟ್ಟಿದವರೂ ಹೌದಲ್ಲವೇ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲನಾಗಿದ್ದ ವೆಲ್ಲೆಸ್ಲಿಯೂ, ಆ ಯುದ್ಧದಲ್ಲಿ ಹೋರಾಡಿದ ಅವನ ತಮ್ಮನೂ ಐರ್ಲೆಂಡಿನಲ್ಲಿ ಹುಟ್ಟಿದವರು. 1919ರಲ್ಲಿ ಜಲಿಯನ್‌ವಾಲಾ ಬಾಗಿನ ಹತ್ಯೆಯನ್ನು ಸಮರ್ಥಿಸಿದ ಪಂಜಾಬಿನ ಅಧಿಪತಿ ಓಡ್ವಯರನು ಟಿಪ್ಪರರಿ ಪ್ರಾಂತದ ಐರಿಷ್ ಕ್ಯಾಥೊಲಿಕನು. ಕಂಪೆನಿಯ ಗೋರಾ ಸೈನ್ಯದಲ್ಲಿ ಐರಿಷ್ ಸಿಪಾಯಿಗಳು ಬಹುಸಂಖ್ಯೆಯಲ್ಲಿದ್ದರು. ಇದೆಲ್ಲ ನಿಜ, ಮುಚ್ಚಿಡತಕ್ಕುದಲ್ಲ. ಆದರೆ ದೊರೆಯ ದಂಡಿನಲ್ಲಿ ಸೇರಿದವನೆಲ್ಲ ದೊರೆಯಲ್ಲ. 1918ನೆಯ ಸೆಪ್ಟೆಂಬರ್ 23ರಂದು ಪ್ಯಾಲಸ್ಟೈನಿನ ಹೈಫಾ ಪಟ್ಟಣವನ್ನು ಬ್ರಿಟಿಷರಿಗಾಗಿ ಗೆದ್ದ ಕುದುರೆಸವಾರರಲ್ಲಿ ಜೋಧಪುರದವರೊಡನೆ ಮೈಸೂರಿನವರೂ ಇದ್ದರು. ಅದರಿಂದ ಮೈಸೂರು ಸಾಮ್ರಾಜ್ಯದ ಯಜಮಾನನಾಗಲಿಲ್ಲ. ಆಳಿಸಿಕೊಂಡವರ ಕೈಯಿಂದಲೇ ಇತರರನ್ನು ಆಳಿಸುವುದು ಸಾಮ್ರಾಜ್ಯಗಳ ಹಳೆಯ ಕೌಶಲ. 1920ರಲ್ಲಿ ಜಲಂಧರ್ ಸೋಲನ್‌ಗಳಲ್ಲಿದ್ದ ಕನಾಟ್ ರೇಂಜರ್ಸ್ ಎಂಬ ಐರಿಷ್ ಪಡೆಯ ಸಿಪಾಯಿಗಳು, ತಮ್ಮ ನಾಡಿನಲ್ಲಿ ನಡೆಯುತ್ತಿದ್ದ ದಮನವನ್ನು ಕೇಳಿ ಆಯುಧ ಹಿಡಿಯಲೊಲ್ಲೆವೆಂದರು. ಅವರಲ್ಲಿ ಜೇಮ್ಸ್ ಡೇಲಿ ಎಂಬಾತನನ್ನು ನವೆಂಬರ್ 2ರಂದು ದಗಶಾಯಿಯಲ್ಲಿ ಗುಂಡಿಕ್ಕಿ ಕೊಂದರು.

ಆದರೂ ಒಂದು ವ್ಯತ್ಯಾಸವನ್ನು ಒಪ್ಪಿಕೊಳ್ಳುವುದು ನ್ಯಾಯ. ಹಡಗು ಹತ್ತಿ ಅಮೆರಿಕೆಗೆ ಹೋದ ಐರಿಷನು ಕ್ರಮೇಣ ಅಲ್ಲಿಯ ಬಿಳಿಯರೊಳಗೆ ಒಬ್ಬನಾದನು; ಆಫ್ರಿಕೆಯಿಂದ ಒಯ್ಯಲ್ಪಟ್ಟ ಗುಲಾಮನಿಗೆ ಆ ದಾರಿ ತೆರೆದಿರಲಿಲ್ಲ. 1921ರಲ್ಲಿ ಐರಿಷ್ ಪ್ರತಿನಿಧಿಗಳನ್ನು ಲಂಡನ್ನಿಗೆ ಕರೆಸಿ ಒಪ್ಪಂದ ಮಾಡಿಕೊಂಡ ಸರಕಾರವೇ ಭಾರತವನ್ನು ಮತ್ತೆ 26 ವರ್ಷ ಕಾಯಿಸಿತು. ಮೈಬಣ್ಣಕ್ಕೆ ಬೆಲೆಯಿದ್ದಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದು ಮಾತ್ರಾಭೇದ, ಜಾತಿಭೇದವಲ್ಲ. ಒಂದು ಸೆರೆಮನೆಯಲ್ಲಿ ಒಬ್ಬನಿಗೆ ಕಬ್ಬಿಣದ ಬೇಡಿ ಹಗುರ, ಇನ್ನೊಬ್ಬನಿಗೆ ಭಾರ, ಇಬ್ಬರೂ ಸೆರೆಯಾಳುಗಳೇ.

ಮಾಲ್ಟಾ ಸೈಪ್ರಸ್‌ಗಳ ವಿಷಯದಲ್ಲಿ ಇಷ್ಟು ವಾದಕ್ಕೇ ಎಡೆಯಿಲ್ಲ. ಅವುಗಳಿಗೆ ಸರಕಾರಿ ದಾಖಲೆಗಳಲ್ಲಿಯೇ ವಸಾಹತೆಂಬ ಹೆಸರಿದ್ದಿತು. ಬ್ರಿಟಿಷರು 1878ರಲ್ಲಿ ತುರ್ಕಿಯ ಸುಲ್ತಾನನಿಂದ ಸೈಪ್ರಸ್ಸಿನ ಆಡಳಿತವನ್ನು ವಹಿಸಿಕೊಂಡಾಗ, ದ್ವೀಪದ ಜನ ವರ್ಷಕ್ಕೆ ಸುಮಾರು 92,800 ಪೌಂಡು ಕಪ್ಪ ತೆರಬೇಕಾಯಿತು. ಆ ಹಣ ಸುಲ್ತಾನನಿಗೂ ಸಲ್ಲದೆ, 1855ರಲ್ಲಿ ತುರ್ಕಿ ಮಾಡಿದ್ದ ಸಾಲದ ಬಡ್ಡಿಗೆ ಹೋಗುತ್ತಿದ್ದಿತು; ಆ ಸಾಲಕ್ಕೆ ಬ್ರಿಟನ್ನೂ ಫ್ರಾನ್ಸೂ ಜಾಮೀನಾಗಿದ್ದುವು. ಯಾರದೋ ಸಾಲ, ಯಾರದೋ ಜಾಮೀನು, ತೆರುವವನು ಸೈಪ್ರಸ್ಸಿನ ಒಕ್ಕಲಿಗ. ಪರಪ್ರಯೋಜನವೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ಉದಾಹರಣೆ ಬೇಡ. 1925ರಲ್ಲಿ ಅದು ವಿಧಿವತ್ತಾಗಿ ರಾಜವಸಾಹತೆನಿಸಿತು. 1931ರ ದಂಗೆಯ ಬಳಿಕ ಅಲ್ಲಿಯ ಶಾಸನಸಭೆಯನ್ನೇ ಎತ್ತಿಹಾಕಲಾಯಿತು. ನೌಕಾನೆಲೆಗೋಸ್ಕರವೇ ಹಿಡಿದಿಟ್ಟ ಮಾಲ್ಟಾದ ರಾಜ್ಯಾಂಗವನ್ನು 1933ರಲ್ಲಿ ಲಂಡನ್ನಿನವರು ತಡೆಹಿಡಿದರು. ಈ ಎರಡು ದ್ವೀಪಗಳೂ ಜಿಬ್ರಾಲ್ಟರೂ ವಿಶ್ವಸಂಸ್ಥೆಯ ಪರಾಧೀನ ಪ್ರದೇಶಗಳ ಪಟ್ಟಿಯಲ್ಲಿದ್ದುವು. ಜಿಬ್ರಾಲ್ಟರ್ ಇಂದಿಗೂ ಇದೆ. ಐರೋಪ್ಯರಿಗೆ ವಸಾಹತು ವಿಮೋಚನೆಯೆಂಬುದೇ ಇಲ್ಲ ಎನ್ನುವವರ ವಾದ ಇಷ್ಟರಿಂದಲೇ ಬಿದ್ದುಹೋಗುತ್ತದೆ.

ಕಠಿನವಾದುದು ಬಾಲ್ಟಿಕ್ ರಾಜ್ಯಗಳ ಪ್ರಶ್ನೆ. ಎಸ್ತೋನಿಯ, ಲಾಟ್ವಿಯ, ಲಿಥುವೇನಿಯಗಳನ್ನು 1940ರಲ್ಲಿ ಸೋವಿಯತ್ ಒಕ್ಕೂಟ ಬಲಾತ್ಕಾರವಾಗಿ ಸೇರಿಸಿಕೊಂಡಿತು. 1949ನೆಯ ಮಾರ್ಚಿ ತಿಂಗಳೊಂದರಲ್ಲಿಯೇ 90 ಸಾವಿರಕ್ಕೂ ಹೆಚ್ಚು ಜನರನ್ನು ಮನೆಯಿಂದ ಹೊರಡಿಸಿ ದೂರದ ಸೈಬೀರಿಯಕ್ಕೆ ಸಾಗಿಸಲಾಯಿತು. 1935ರಲ್ಲಿ ಲಾಟ್ವಿಯದಲ್ಲಿ ನೂರಕ್ಕೆ ಸುಮಾರು 75ರಷ್ಟಿದ್ದ ಲಾಟ್ವಿಯನರು 1989ರಲ್ಲಿ 52ಕ್ಕೆ ಇಳಿದಿದ್ದರು. ಸಮ್ಮತಿ ಇರಲಿಲ್ಲವೆಂಬುದು ಸ್ಪಷ್ಟ. ಸಮಾನತೆ ಕಾಗದದ ಮೇಲೆ ಇದ್ದಿತು, ಐರ್ಲೆಂಡಿಗೆ 1829ರ ಅನಂತರ ಇದ್ದಂತೆ. ಆದರೆ ಆ ನಾಡುಗಳ ಸರಕಾರಗಳೇ ವಸಾಹತು ವಿಮೋಚನೆ ಎಂಬ ಮಾತನ್ನು ಮುಂದಿಡಲಿಲ್ಲ. 1918ರಲ್ಲಿಯೇ ಸ್ವತಂತ್ರವಾಗಿದ್ದ ರಾಜ್ಯವನ್ನು ಪರರು ಆಕ್ರಮಿಸಿದ್ದರು, 1991ರಲ್ಲಿ ಅದು ಮರಳಿ ಬಂದಿತು ಎಂಬುದು ಅವರ ನಿಲುವು. ವಸಾಹತೆಂದು ಒಪ್ಪಿಕೊಂಡರೆ ಮಧ್ಯದ ಆಳಿಕೆಗೆ ಅಷ್ಟುಮಟ್ಟಿಗೆ ನ್ಯಾಯಸಮ್ಮತಿ ಕೊಟ್ಟಂತಾದೀತೆಂಬ ಎಚ್ಚರ ಅದರಲ್ಲಿದೆ. ಅವರ ಮಾತಿಗೆ ಮನ್ನಣೆ ಸಲ್ಲಬೇಕು. ಆದರೆ ನಡುವೆ ಸಮುದ್ರವಿಲ್ಲವೆಂಬ ಒಂದೇ ಕಾರಣದಿಂದ ಅವರ ಕಥೆಯನ್ನು ಪಂಕ್ತಿಯಿಂದ ಎಬ್ಬಿಸುವುದು ಸಲ್ಲದು.

ವಸಾಹತು ವಿಮೋಚನೆ ಎಂಬ ಅರ್ಥದ ಪದವನ್ನು 1930ರ ದಶಕದಲ್ಲಿ ವಿದ್ವಾಂಸರ ನಡುವೆ ಪ್ರಚಾರಕ್ಕೆ ತಂದವರಲ್ಲಿ ಜರ್ಮನಿಯ ಅರ್ಥಶಾಸ್ತ್ರಜ್ಞ ಮೋರಿಟ್ಸ್ ಬಾನ್ ಪ್ರಮುಖನು. ಅದಕ್ಕೂ ಬಹು ಹಿಂದೆ, 1906ರಲ್ಲಿ, ಐರ್ಲೆಂಡಿನಲ್ಲಿ ಇಂಗ್ಲಿಷರ ವಸಾಹತು ಸ್ಥಾಪನೆಯನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಅವನು ಪ್ರಕಟಿಸಿದ್ದನು. ಎಂದ ಮೇಲೆ ಆ ಪದವನ್ನು ಬಳಕೆಗೆ ತಂದವನ ಕಣ್ಣಮುಂದೆ ಯೂರೋಪಿನ ನಾಡೊಂದು ಮೊದಲಿನಿಂದಲೂ ಇದ್ದಿತು. ಅದನ್ನು ಹೊರಗಿಟ್ಟವರು ಅನಂತರದವರು.

ಭಾರತದ ರಾಜ್ಯಾಂಗ ರಚಕರೂ ಐರ್ಲೆಂಡನ್ನು ತಮ್ಮಂತೆಯೇ ಬಿಡುಗಡೆ ಹೊಂದಿದ ನಾಡೆಂದು ಬಗೆದರು. ರಾಜ್ಯಾಂಗ ಸಲಹೆಗಾರರಾಗಿದ್ದ ಮಂಗಳೂರಿನ ಬೆನೆಗಲ್ ನರಸಿಂಗರಾಯರು 1947ರಲ್ಲಿ ಡಬ್ಲಿನ್ನಿಗೆ ಹೋಗಿ ಸಮಾಲೋಚನೆ ನಡೆಸಿದರು. ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಿಗೆ 1937ರ ಐರಿಷ್ ರಾಜ್ಯಾಂಗವೇ ಮೇಲ್ಪಂಕ್ತಿಯಾಯಿತು.

ಈ ಲಕ್ಷಣವನ್ನು ಒಪ್ಪಿದರೆ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ. ವಿಮೋಚನೆ ಒಂದು ದಿನದ ಕಾರ್ಯವಲ್ಲ. ಐರ್ಲೆಂಡಿನ ನೆಲ ಒಕ್ಕಲಿಗರಿಗೆ ಮರಳತೊಡಗಿದುದು ಸ್ವಾತಂತ್ರ್ಯಕ್ಕಿಂತ ಮೊದಲೇ, 1903ರ ಭೂಶಾಸನವೇ ಮೊದಲಾದುವುಗಳಿಂದ. 1922ರಲ್ಲಿ ರಾಜ್ಯ ಬಂದಿತು, ಬ್ರಿಟಿಷರ ವಶದಲ್ಲಿದ್ದ ರೇವುಗಳು 1938ರಲ್ಲಿ ಬಂದುವು, 1949ರಲ್ಲಿ ಗಣರಾಜ್ಯವಾಯಿತು. ಒಕ್ಕಲು ತಂದು ನೆಲೆಗೊಳಿಸಿದ ಉತ್ತರಭಾಗದ ಆರು ಪ್ರಾಂತಗಳು ಬೇರೆಯಾಗಿಯೇ ಉಳಿದುವು. ಅಲ್ಲಿಯ ರಕ್ತಪಾತ ಒಂದು ಹದಕ್ಕೆ ಬಂದುದು 1998ರ ಒಪ್ಪಂದದಿಂದ. ಐರಿಷ್ ಭಾಷೆ ರಾಜ್ಯಾಂಗದಲ್ಲಿ ಪ್ರಥಮ ರಾಜಭಾಷೆಯೆನಿಸಿದರೂ, 2022ರ ಜನಗಣತಿಯಲ್ಲಿ ಶಾಲೆಯ ಹೊರಗೆ ದಿನವೂ ಅದನ್ನಾಡುವವರು ಸುಮಾರು 72 ಸಾವಿರ ಮಂದಿ ಮಾತ್ರ. ನಾರ್ವೆಗೆ ಸ್ವೀಡನ್ನಿನ ಆಳಿಕೆಯಿಂದ ಇಂತಹ ಯಾವ ಬಾಕಿಯೂ ಉಳಿಯಲಿಲ್ಲ. ಸ್ವಾತಂತ್ರ್ಯದ ಮಾರನೆಯ ದಿನ ಉಳಿದಿರುವ ಬಾಕಿಯನ್ನು ನೋಡಿದರೆ ಹಿಂದಿನ ದಿನದ ಆಳಿಕೆಯ ಸ್ವರೂಪ ತಾನಾಗಿಯೇ ತಿಳಿದುಬರುತ್ತದೆ. ಅದಕ್ಕೆ ಭೂಪಟವನ್ನು ಬಿಚ್ಚಿ ನೋಡಬೇಕಾದ ಅಗತ್ಯವಿಲ್ಲ.